ಓಬವ್ವ ಅಳೆದ ಹಳ್ಳ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಿಂದ ಮಣ್ಣಿನ ದಾರಿ ಹಿಡಿದು ಮೂರು ಮೈಲಿ ನಡೆದರೆ ಹಿರೇಹಳ್ಳದ ದಡದಲ್ಲಿ ಒಂದು ಗೊಲ್ಲರಹಟ್ಟಿ ಸಿಗುತ್ತದೆ. ನಲವತ್ತು ಮನೆ, ಮನೆಗಿಂತ ಹೆಚ್ಚು ಕುರಿ ಕೂಡುವ ರೊಪ್ಪ. ಆ ಹಟ್ಟಿಯ ಓಬವ್ವ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಹಳ್ಳಕ್ಕಿಳಿದು ನೀರು ಅಳೆಯುತ್ತಿದ್ದಳು. ನೀರು ಇದ್ದ ದಿನವೂ ಅಳೆಯುತ್ತಿದ್ದಳು, ಇಲ್ಲದ ದಿನವೂ ಅಳೆಯುತ್ತಿದ್ದಳು.

ಆ ಕೆಲಸ ಅವಳಿಗೆ ಸಿಕ್ಕಿದ್ದು ಎರಡು ಸಾವಿರದ ಮೂರರಲ್ಲಿ. ಇಲಾಖೆಯವರು ಜೀಪಿನಲ್ಲಿ ಬಂದು, ಹಳ್ಳದ ಅಂಚಿನಲ್ಲಿ ಸಿಮೆಂಟಿನ ಬುಡ ಕಟ್ಟಿ, ನಾಲ್ಕು ಮೀಟರ್ ಎತ್ತರದ ಒಂದು ಕಂಬ ನಿಲ್ಲಿಸಿದರು. ಬಿಳಿ ಬಣ್ಣದ ಮೇಲೆ ಕಪ್ಪು ಗೆರೆ, ಗೆರೆಯ ಪಕ್ಕ ಅಂಕಿ. ಹಟ್ಟಿಯವರು ಅದನ್ನು ಗೇಜು ಎಂದರು. ದಿನಾ ಅದನ್ನು ನೋಡಿ ಬರೆಯುವವರೊಬ್ಬರು ಬೇಕಿತ್ತು. ಗಂಡಸರು ಬೇಸಿಗೆ ಬಂದರೆ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗುವವರು. ಊರಲ್ಲೇ ಇರುವವರು, ಅಂಕಿ ಓದಲು ಬರುವವರು ಯಾರು ಎಂದು ಕೇಳಿದಾಗ ಏಳನೇ ಕ್ಲಾಸು ಓದಿದ್ದ ಓಬವ್ವನನ್ನು ಎಲ್ಲರೂ ಮುಂದೆ ತಳ್ಳಿದರು. ಬಂದಿದ್ದ ಅಧಿಕಾರಿ ಒಂದು ದಪ್ಪ ನೋಟುಬುಕ್ಕು ಕೊಟ್ಟು, "ನೋಡಮ್ಮ, ಕಂಡಿದ್ದು ಬರಿ. ಕಾಣದ್ದು ಬರೀಬೇಡ. ಇಷ್ಟೇ ಕೆಲಸ," ಎಂದು ಹೇಳಿ ಹೋದ.

ಹಿರೇಹಳ್ಳ ಹೆಸರಿಗಷ್ಟೇ ಹಿರಿದು. ಮೇಲಿನ ಗುಡ್ಡಗಳಲ್ಲಿ ಹುಟ್ಟಿ, ಮೂರು ಕೆರೆಗೆ ನೀರು ಹಂಚಿ, ಮಿಕ್ಕ ನೀರಿದ್ದರೆ ಹಟ್ಟಿಯ ಮುಂದೆ ಹಾದು ಹೋಗಿ ವೇದಾವತಿ ಸೇರುವ ಹಳ್ಳ ಅದು. ಮಿಕ್ಕ ನೀರು ಎಲ್ಲಿ ಬರಬೇಕು? ವರ್ಷದ ಮುನ್ನೂರು ದಿನ ಬರೀ ಮರಳು. ಓಬವ್ವ ಸೊನ್ನೆ ಬರೆದಳು. ಮಾರನೇ ದಿನವೂ ಸೊನ್ನೆ. ಕೆಲವು ವರ್ಷ ಯುಗಾದಿಯಿಂದ ಯುಗಾದಿಗೆ ಹತ್ತು ದಿನ ಬಿಟ್ಟು ಉಳಿದಿದ್ದೆಲ್ಲ ಸೊನ್ನೆ.

ಹಳ್ಳಕ್ಕೆ ಅಡ್ಡಲಾಗಿದ್ದ ಮುಳುಗು ಸೇತುವೆಯ ತುದಿಯಲ್ಲಿ ಚಿಕ್ಕತಿಮ್ಮಪ್ಪನ ಚಾದಂಗಡಿ. ಅವನಿಗೆ ಬೆಳಗಿನ ತಮಾಷೆ ಎಂದರೆ ಓಬವ್ವನೇ.

"ಏನಕ್ಕಾ, ಇವತ್ತೆಷ್ಟು?"

"ಸೊನ್ನೆ."

"ನಿನ್ನೆಗಿಂತ ಕಮ್ಮಿನಾ ಜಾಸ್ತಿನಾ?"

ಅಂಗಡಿಯಲ್ಲಿ ಕುಂತವರು ನಗುತ್ತಿದ್ದರು. ಓಬವ್ವ ನಗುತ್ತಿರಲಿಲ್ಲ, ಸಿಟ್ಟು ಮಾಡಿಕೊಳ್ಳುತ್ತಲೂ ಇರಲಿಲ್ಲ. ಗಂಡ ಎತ್ತಪ್ಪನಿಗೆ ಮಾತ್ರ ಅವಮಾನವಾಗುತ್ತಿತ್ತು. "ಮನೇಲಿ ಕುಂತು ಸೊನ್ನೆ ಬರೆದ್ರೆ ಯಾರು ಕೇಳ್ತಾರೆ? ದಿನಾ ಹೋಗಿ ಮಳ್ಳಿ ಥರ ಮರಳು ನೋಡ್ಕೊಂಡು ಬರಬೇಕಾ?" ಎಂದು ಗೊಣಗುತ್ತಿದ್ದ.

"ನೋಡದಲೇ ಬರೆದ್ರೆ ಅದು ಸೊನ್ನೆ ಅಲ್ಲ, ಸುಳ್ಳು," ಎನ್ನುತ್ತಿದ್ದಳು ಓಬವ್ವ. ಜ್ವರ ಬಂದ ದಿನ ಹೋದಳು, ಮಗನ ಮದುವೆಯ ದಿನ ಧಾರೆಗೆ ಮುಂಚೆ ಹೋಗಿ ಬಂದಳು. ಹೆರಿಗೆಗೆ ಸೊಸೆ ಲತಾಳನ್ನು ಹಿರಿಯೂರಿಗೆ ಕರೆದುಕೊಂಡು ಹೋದ ಮೂರು ದಿನ ಮಾತ್ರ ತಪ್ಪಿತು. ಆ ಮೂರು ದಿನದ ಜಾಗದಲ್ಲಿ 'ನಾನು ಊರಲ್ಲಿರಲಿಲ್ಲ' ಎಂದು ಬರೆದಳು.

ನೋಟುಬುಕ್ಕಿನ ಅಂಚಿನಲ್ಲಿ ಯಾರೂ ಕೇಳದ ಸಂಗತಿಗಳನ್ನೂ ಬರೆಯುವುದು ಅವಳಿಗೆ ರೂಢಿಯಾಗಿತ್ತು. ಹಳ್ಳದ ತಲೆಕಡೆ, ಗುಡ್ಡದ ಬುಡದ ಊರಿಗೆ ಅವಳ ಅಕ್ಕ ಸಿದ್ದಕ್ಕನನ್ನು ಕೊಟ್ಟಿತ್ತು. ಮಳೆ ಬಂದಾಗಲೆಲ್ಲ ಅಕ್ಕನಿಗೆ ಫೋನು ಮಾಡಿ, ಎಷ್ಟು ಹೊತ್ತು ಸುರಿಯಿತು, ಕೆರೆಗೆ ಎಷ್ಟು ಬಂತು, ಕೋಡಿ ಬಿತ್ತೋ ಇಲ್ಲವೋ ಎಂದು ಕೇಳಿ ಬರೆದಿಡುತ್ತಿದ್ದಳು. ಹೀಗೆ ಬರೆಯುತ್ತ ಬರೆಯುತ್ತ ಅವಳಿಗೆ ಒಂದು ಮಾತು ಹೊಳೆದಿತ್ತು. ಮೊದಮೊದಲ ವರ್ಷಗಳಲ್ಲಿ ಹಳ್ಳ ಬಂದರೆ ನಿಧಾನಕ್ಕೆ ಬಂದು, ವಾರಗಟ್ಟಲೆ ಪಾದ ಮುಳುಗುವಷ್ಟು ಹರಿಯುತ್ತಿತ್ತು. ಈಗೀಗ ಬರುವುದು ಎರಡೇ ದಿನ, ಆದರೆ ಬಂದರೆ ಎದೆಮಟ್ಟ. ಮಾರನೇ ದಿನ ಮತ್ತೆ ಮರಳು.

ಎರಡು ಸಾವಿರದ ಇಪ್ಪತ್ತೆರಡು. ವಾಣಿವಿಲಾಸ ಸಾಗರ ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿ ಬಿದ್ದ ವರ್ಷ. ಜನ ಬುತ್ತಿ ಕಟ್ಟಿಕೊಂಡು ಹಿರಿಯೂರಿನ ಕಡೆಗೆ ಕೋಡಿ ನೋಡಲು ಹೋಗಿದ್ದರು. ಆದರೆ ಹಿರೇಹಳ್ಳದ ಮೇಲ್ಭಾಗದಲ್ಲಿ ಮಳೆ ಹಾದಿ ತಪ್ಪಿದಂತೆ ಬಂದಿತ್ತು. ಎಲ್ಲೆಡೆ ಸುರಿದು ಇಲ್ಲಿ ಬಿಟ್ಟಿತ್ತು. ಕೊನೆಗೆ ಅಕ್ಟೋಬರಿನ ಒಂದು ಸೋಮವಾರ ಗುಡ್ಡದ ಮೇಲೆ ದಿನವಿಡೀ ಹೊಯ್ದು, ತೊಂಬತ್ತೆರಡು ಮಿಲಿಮೀಟರ್ ಆಯಿತೆಂದು ಲತಾಳ ಮೊಬೈಲಿಗೆ ಸುದ್ದಿ ಬಂತು. ಹಟ್ಟಿಯವರೆಲ್ಲ ದಡದಲ್ಲಿ ನಿಂತು ಕಾದರು. ಬಂದಿದ್ದು ಮೊಣಕಾಲುದ್ದದ ಕೆಂಪು ನೀರು.

"ತೊಂಬತ್ತೆರಡಕ್ಕೇ ಇಷ್ಟು. ಇನ್ನು ಈ ಹಳ್ಳಕ್ಕೆ ಹೆದರೋರು ಯಾರು?" ಎಂದ ಚಿಕ್ಕತಿಮ್ಮಪ್ಪ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಗೇಜು ಮೂವತ್ತು ಸೆಂಟಿಮೀಟರ್ ತೋರಿಸುತ್ತಿತ್ತು. ಹಟ್ಟಿಯ ಮೇಲೆ ಸಣ್ಣ ತುಂತುರು. ಗುಡ್ಡದ ಕಡೆ ಮಾತ್ರ ಮೋಡ ಕರಿ ಕಂಬಳಿ ಹೊದ್ದು ನಿಂತಿತ್ತು. ಓಬವ್ವ ಅಂಕಿ ಬರೆದು ದಡದಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು.

"ನಸುಕಿನಿಂದ ಬಿಟ್ಟಿಲ್ಲ ಕಣೇ ಓಬಿ," ಎಂದಳು ಸಿದ್ದಕ್ಕ. ಮಳೆಯ ಸದ್ದಿನಲ್ಲಿ ಅವಳ ಮಾತು ಅರ್ಧ ಮುಳುಗುತ್ತಿತ್ತು. "ಸೋಮವಾರದಷ್ಟು ಜೋರೇನೂ ಅಲ್ಲ."

"ಕೆರೆ ಎಂಗವೆ?"

"ಸೋಮವಾರದ ಮಳೆಗೇ ಮೂರೂ ತುಂಬಿದ್ವು. ಈಗ ಮೂರೂ ಕೋಡಿ. ಹೊಲದ ಬದುವಿನ ಮೇಲೆ ನೀರು ಹರಿತೈತೆ. ಕಾಲಿಟ್ರೆ ಹೂತೋಗ್ತೈತೆ, ಮಣ್ಣು ಇನ್ನು ನೀರೇ ಕುಡೀತಿಲ್ಲ."

ಓಬವ್ವ ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೂರೂ ಕೆರೆ ಒಟ್ಟಿಗೆ ಕೋಡಿ ಬಿದ್ದದ್ದು ಅವಳ ನೋಟುಬುಕ್ಕುಗಳಲ್ಲಿ ಒಮ್ಮೆಯೂ ಇರಲಿಲ್ಲ.

ಹಳ್ಳದ ನಡುವೆ ಜಾಲಿಮರಗಳ ಒಂದು ದಿಬ್ಬವಿತ್ತು. ಸುತ್ತ ಮರಳು, ನಡುವೆ ಹುಲ್ಲು, ತೋಳ ನಾಯಿಗಳ ಕಾಟವಿಲ್ಲ. ಎತ್ತಪ್ಪನೂ ಮತ್ತಿಬ್ಬರೂ ಸೇರಿ ಮುನ್ನೂರು ಕುರಿಗಳನ್ನು ಅಲ್ಲಿ ತರುಬಿದ್ದರು. ಓಬವ್ವ ಮೊಣಕಾಲವರೆಗೆ ಸೀರೆ ಎತ್ತಿಕೊಂಡು ನೀರು ದಾಟಿ ಅಲ್ಲಿಗೆ ಹೋದಳು.

"ಕುರಿ ಏಳಿಸ್ರಿ. ಹಟ್ಟಿಗೆ ಹೊಡ್ಕಂಡು ಹೋಗಾಣ."

ಎತ್ತಪ್ಪ ಬೀಡಿ ಹಚ್ಚುತ್ತಿದ್ದವನು ಹಾಗೇ ನಿಂತ. "ಯಾಕೆ? ಸೋಮವಾರ ಇದಕ್ಕಿಂತ ದೊಡ್ಡ ಮಳೆಗೆ ಏನಾಯ್ತು? ಏನೂ ಆಗಲಿಲ್ಲ."

"ಸೋಮವಾರದ ನೀರನ್ನ ನೆಲ ಕುಡೀತು, ಕೆರೆ ಕುಡಿದ್ವು. ಇವತ್ತು ಕುಡಿಯೋರು ಯಾರೂ ಇಲ್ಲ. ಬಿದ್ದ ಹನಿಯೆಲ್ಲ ಸೀದಾ ಇಲ್ಲಿಗೇ ಬರ್ತೈತೆ."

"ನಿಂಗೆ ಯಾರು ಹೇಳಿದ್ರು?"

"ಹತ್ತೊಂಬತ್ತು ವರ್ಷ ಬರೆದೀನಿ. ಯಾರು ಯಾಕೆ ಹೇಳಬೇಕು?"

ಎತ್ತಪ್ಪ ಅವಳ ಮುಖ ನೋಡಿದ. ಮದುವೆಯಾಗಿ ನಲವತ್ತು ವರ್ಷವಾಗಿತ್ತು. ಕುರಿಯ ವಿಷಯದಲ್ಲಿ ಅವಳು ಒಂದು ದಿನವೂ ಬಾಯಿ ಹಾಕಿದವಳಲ್ಲ. ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಾಲಿಗೆಯಲ್ಲಿ ಟುರ್ರೆಂದು ಸದ್ದು ಮಾಡಿದ. ಕುರಿಗಳು ಎದ್ದವು. ಹತ್ತು ಗಂಟೆಯ ಹೊತ್ತಿಗೆ ಕೊನೆಯ ಮರಿಯನ್ನು ಹೆಗಲ ಮೇಲೆ ಹೊತ್ತು ಎತ್ತಪ್ಪ ದಡ ಹತ್ತಿದಾಗ ನೀರು ಅವನ ತೊಡೆ ಮುಟ್ಟುತ್ತಿತ್ತು.

ಅಷ್ಟರಲ್ಲಿ ಅತ್ತೆಯ ಮಾತು ಕೇಳಿ ಲತಾ ಪಂಚಾಯಿತಿಗೂ ಬಸ್ಸಿನ ಕಂಡಕ್ಟರಿಗೂ ಫೋನು ಮಾಡಿ, ಹೊಸದುರ್ಗದಿಂದ ಬರುವ ಬಸ್ಸನ್ನು ಆಚೆ ದಡದ ಏರಿನ ಮೇಲೆಯೇ ನಿಲ್ಲಿಸಿದ್ದಳು. ಚಿಕ್ಕತಿಮ್ಮಪ್ಪ ಮೊದಲು ನಕ್ಕ. ಹನ್ನೊಂದಕ್ಕೆ ಗೇಜು ಒಂದು ಮೀಟರ್ ಹತ್ತು ತೋರಿಸಿ, ಮುಳುಗು ಸೇತುವೆ ಕಾಣದಂತಾದಾಗ ಅವನೇ ಸ್ಟೌವು ಸಿಲಿಂಡರು ಹೊತ್ತುಕೊಂಡು ಮೇಲಕ್ಕೆ ಓಡಿದ. ಹಿಂದೆ ಅವನ ಹೆಂಡತಿ ಹಾಲಿನ ಕ್ಯಾನು ಹಿಡಿದು ಓಡಿದಳು.

ಹನ್ನೆರಡಕ್ಕೆ ಎರಡು ಮೀಟರ್ ನಲವತ್ತು. ಒಂದಕ್ಕೆ ಮೂರು ಎಪ್ಪತ್ತು. ನೀರಿನ ಬಣ್ಣ ಕೆಂಪು ಹೋಗಿ ಕಾಫಿಯಂತಾಯಿತು. ಬುಡಮೇಲಾದ ಮರಗಳು, ಪಂಪ್‌ಸೆಟ್ಟಿನ ಪೈಪು, ಯಾರದೋ ಮನೆಯ ಬಾಗಿಲು ತಿರುಗುತ್ತ ಹೋದವು. ಜಾಲಿಯ ದಿಬ್ಬ ಇದ್ದ ಜಾಗದಲ್ಲಿ ಬರೀ ಸುಳಿ. ಎತ್ತಪ್ಪ ಅದನ್ನೇ ನೋಡುತ್ತ ನಿಂತಿದ್ದ.

ಒಂದೂವರೆಗೆ ಗೇಜು ಪೂರ್ತಿ ಮುಳುಗಿತು. ಅದರ ತಲೆಯ ಮೇಲಿದ್ದ ಕೆಂಪು ಬಣ್ಣ ಒಂದೆರಡು ಸಲ ಕಂಡು ಮರೆಯಾಯಿತು. ಆಮೇಲೆ ನೀರಿನಡಿಯಲ್ಲಿ ಕಬ್ಬಿಣ ಕಿರುಗುಟ್ಟಿದ ಸದ್ದು ಕೇಳಿತು.

ಇಲಾಖೆಯ ನಿಯಮದ ಪ್ರಕಾರ ಓಬವ್ವನ ಕೆಲಸ ಅಲ್ಲಿಗೆ ಮುಗಿದಿತ್ತು. ಗೇಜು ಮುಳುಗಿದರೆ 'ಅಳತೆ ಮೀರಿದೆ' ಎಂದು ಬರೆದು ಸುಮ್ಮನಾಗಬಹುದು. ಅವಳು ಪೆನ್ನು ತೆಗೆದು ಆ ಎರಡು ಪದ ಬರೆಯಲು ಹೋದಳು. ಬರೆಯಲು ಮನಸ್ಸು ಬರಲಿಲ್ಲ. ಹತ್ತೊಂಬತ್ತು ವರ್ಷ ನೀರಿಲ್ಲದ್ದನ್ನು ಬಿಡದೆ ಬರೆದವಳು, ನೀರು ಬಂದ ದಿನ ಬೆನ್ನು ತಿರುಗಿಸಿ ಮನೆಗೆ ಹೋಗುವುದೆ?

ಹಳ್ಳದಿಂದ ಹಟ್ಟಿಗೆ ಹತ್ತಲು ಕಲ್ಲಿನ ಇಪ್ಪತ್ತಮೂರು ಮೆಟ್ಟಿಲುಗಳಿದ್ದವು. ಅವಳ ಸೊಂಟದಲ್ಲಿ ಕುಡುಗೋಲಿತ್ತು. ಎರಡು ಗಂಟೆಗೆ ನೀರು ಮುಟ್ಟಿದ ಮೆಟ್ಟಿಲಿನ ಮೈಮೇಲೆ ಕುಡುಗೋಲಿನ ತುದಿಯಿಂದ ಒಂದು ಗೆರೆ ಕೊರೆದಳು. ಪಕ್ಕದಲ್ಲಿ ಎರಡು ಎಂದು ಬರೆದಳು. ಒಂದು ಮೆಟ್ಟಿಲು ಹಿಂದೆ ಸರಿದು ಕುಂತಳು. ಎರಡೂವರೆಗೆ ಮತ್ತೊಂದು ಗೆರೆ. ಈಗ ಮಳೆ ಹಟ್ಟಿಯ ಮೇಲೂ ಜೋರಾಗಿ ಹೊಯ್ಯತೊಡಗಿತ್ತು. ನೋಟುಬುಕ್ಕನ್ನು ಸೆರಗಿನೊಳಗೆ ಸೇರಿಸಿಕೊಂಡರೂ ಅಂಚು ನೆನೆಯುತ್ತಿತ್ತು.

"ಅತ್ತೇ, ಬರ್ರಿ ಮೇಲಕ್ಕೆ! ಕಲ್ಲು ಜಾರ್ತೈತೆ!" ಎಂದು ಲತಾ ಕೂಗಿದಳು.

"ಬರ್ತೀನಿ. ಮೂರಾಗಲಿ."

ಮೂರಾಯಿತು. ಗೆರೆ ಕೊರೆದಳು, ಏಳಲಿಲ್ಲ. ಹಟ್ಟಿಯ ಹೆಂಗಸರೆಲ್ಲ ಮೇಲೆ ನಿಂತು ಬಯ್ಯತೊಡಗಿದರು. ಆಗ ಎತ್ತಪ್ಪ ಇಳಿದು ಬಂದ. ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ ಎಂದೇ ಓಬವ್ವ ಅಂದುಕೊಂಡಿದ್ದು. ಅವನು ಕುರಿಯ ಹಗ್ಗದ ಒಂದು ತುದಿಯನ್ನು ಮೇಲಿನ ಹುಣಸೆಮರಕ್ಕೆ ಬಿಗಿದು ಬಂದಿದ್ದ. ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ಕಟ್ಟಿದ. ತಾನು ಹೊದ್ದಿದ್ದ ಕಂಬಳಿಯ ಕೊಪ್ಪೆಯನ್ನು ತೆಗೆದು ಅವಳ ತಲೆಗೂ ನೋಟುಬುಕ್ಕಿಗೂ ಸೇರಿಸಿ ಮರೆ ಮಾಡಿ ಹಿಡಿದು, ಹಿಂದಿನ ಮೆಟ್ಟಿಲ ಮೇಲೆ ನಿಂತ.

"ಬರಿ. ನಾನು ಹಿಡ್ಕಂಡಿರ್ತೀನಿ," ಎಂದ.

ಮೂರೂವರೆ. ನಾಲ್ಕು. ನಾಲ್ಕು ಗಂಟೆಯ ಗೆರೆ ಹತ್ತೊಂಬತ್ತನೇ ಮೆಟ್ಟಿಲಿಗೆ ಬಂತು. ನಾಲ್ಕೂವರೆಗೆ ನೋಡಿದರೆ ನೀರು ಅದೇ ಗೆರೆಯನ್ನು ನೆಕ್ಕುತ್ತ ನಿಂತಿತ್ತು. ಐದಕ್ಕೆ ನಾಲ್ಕು ಬೆರಳು ಕೆಳಗಿಳಿದಿತ್ತು. ಓಬವ್ವ ಅದನ್ನೂ ಕೊರೆದು ಎದ್ದಳು. ಕಾಲು ಮರಗಟ್ಟಿತ್ತು. ಎತ್ತಪ್ಪನ ಮೈ ನೆನೆದು ನಡುಗುತ್ತಿತ್ತು. ಕಂಬಳಿಯ ಕೆಳಗೆ ನೋಟುಬುಕ್ಕು ಮಾತ್ರ ಮತ್ತೆ ನೆನೆದಿರಲಿಲ್ಲ.

ನೀರು ಇಳಿದ ಮೇಲೆ ನೋಡಿದರೆ ಗೇಜು ಇರಲಿಲ್ಲ, ಸಿಮೆಂಟಿನ ಬುಡ ಮಾತ್ರ ಉಳಿದಿತ್ತು. ಮುಳುಗು ಸೇತುವೆ ಮುರಿದು ಎರಡು ತುಂಡಾಗಿತ್ತು. ಚಿಕ್ಕತಿಮ್ಮಪ್ಪನ ಅಂಗಡಿಯ ಗುರುತೂ ಇರಲಿಲ್ಲ. ಆದರೆ ಒಬ್ಬ ಮನುಷ್ಯ ಹೋಗಿರಲಿಲ್ಲ, ಒಂದು ಮರಿ ಹೋಗಿರಲಿಲ್ಲ. ಓಬವ್ವ ಲತಾಳ ಹೊಲಿಗೆ ಮಿಷನ್ನಿನ ಟೇಪು ಇಸಿದುಕೊಂಡು, ಆ ಸಿಮೆಂಟಿನ ಬುಡದಿಂದ ಒಂದೊಂದು ಮೆಟ್ಟಿಲಿನ ಎತ್ತರ ಅಳೆದು ಕೂಡಿಸಿದಳು. ನಾಲ್ಕು ಗಂಟೆಯ ಗೆರೆ ಐದು ಮೀಟರ್ ಎಂಬತ್ತು. ಹಾಗೇ ಬರೆದು ಕಳಿಸಿದಳು.

ಮುಂದಿನ ವರ್ಷ ಹೊಸ ಸೇತುವೆಗೆ ನಕ್ಷೆ ತಯಾರಾಯಿತು. ಅದೇ ಹೊತ್ತಿಗೆ ಸಣ್ಣ ಹಳ್ಳಗಳ ನೀರಿನ ಬಗ್ಗೆ ಅಧ್ಯಯನ ಮಾಡುತ್ತಿದ್ದ ಸುಮಿತ್ರಾ ಎಂಬ ಹೆಣ್ಣುಮಗಳು ಹಟ್ಟಿಗೆ ಬಂದಳು. ಮೂವತ್ತರ ಆಸುಪಾಸು, ಬೆನ್ನಿಗೊಂದು ಬ್ಯಾಗು. ಭರಮಸಾಗರದ ಕಡೆಯವಳು. ಓಬವ್ವ ಟ್ರಂಕಿನಿಂದ ಹತ್ತೊಂಬತ್ತು ನೋಟುಬುಕ್ಕು ತೆಗೆದು ಚಾಪೆಯ ಮೇಲೆ ಇಟ್ಟಾಗ ಸುಮಿತ್ರಾ ಒಂದೊಂದೇ ಪುಟ ತಿರುವುತ್ತ ಹೋದಳು.

"ಅಮ್ಮ, ಈ ಸೊನ್ನೆಗಳೆಲ್ಲ ನೀವು ಹೋಗಿ ನೋಡಿ ಬರೆದಿದ್ದಾ?"

"ಮತ್ತೆ? ನೋಡದಲೇ ಎಂಗೆ ಬರೆಯೋದು?"

"ಎಷ್ಟೋ ಕಡೆ ಬರೆದೇ ಇಲ್ಲ ಅಮ್ಮ. ಒಣಗಿದ ಹಳ್ಳ ಅಂತ ಬಿಟ್ಟುಬಿಟ್ಟಿದಾರೆ. ಯಾವ ದಿನ ನೀರಿರಲಿಲ್ಲ ಅಂತ ಗೊತ್ತಿಲ್ಲದೆ, ಬಂದ ನೀರಿಗೆ ಅರ್ಥ ಹೇಳೋದು ಹೇಗೆ?"

ಸುಮಿತ್ರಾ ಮೂರು ದಿನ ಹಟ್ಟಿಯಲ್ಲೇ ಉಳಿದು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹತ್ತಿಸಿಕೊಂಡಳು. ಮೂರನೇ ದಿನ ಸಂಜೆ ಮುದ್ದೆ ಉಂಡಮೇಲೆ ಪರದೆಯ ಮೇಲೆ ಒಂದು ಚಿತ್ರ ತೋರಿಸಿದಳು. ಮೊದಲ ಐದು ವರ್ಷ ಹಳ್ಳ ಸರಾಸರಿ ವರ್ಷಕ್ಕೆ ನಲವತ್ತೊಂದು ದಿನ ಹರಿದಿತ್ತು. ಕೊನೆಯ ಐದು ವರ್ಷ ಹದಿನಾಲ್ಕು ದಿನ. ಆದರೆ ಆ ಹದಿನಾಲ್ಕು ದಿನದಲ್ಲಿ ಹೋದ ನೀರು, ಮೊದಲಿನ ನಲವತ್ತೊಂದು ದಿನದ ನೀರಿಗಿಂತ ಕಡಿಮೆಯಿರಲಿಲ್ಲ.

"ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹೊತ್ಕೊಳ್ತದೆ," ಎಂದಳು ಸುಮಿತ್ರಾ. "ನಮ್ಮಂಥ ಬಿಸಿ ಸೀಮೆಯಲ್ಲಿ ಮೊದಲೇ ಗಾಳಿಯ ತುಂಬ ನೀರಿರ್ತದೆ. ಭೂಮಿ ಕಾಯ್ತಾ ಹೋದ ಹಾಗೆ ಆ ಹೊರೆ ಇನ್ನೂ ಬೆಳೀತದೆ. ಹೊತ್ತಿದ್ದನ್ನ ಇಳಿಸೋವಾಗ ಒಂದೇ ಕಡೆ ಒಂದೇ ಸಲ ಇಳಿಸ್ತದೆ. ಇಳಿಸಾದ ಮೇಲೆ ಮತ್ತೆ ತುಂಬ್ಕೊಳ್ಳೋಕೆ ದಿನ ಬೇಕು. ಅದಕ್ಕೇ ನಡುವೆ ಉದ್ದಕ್ಕೂ ಒಣ ದಿನಗಳು. ಒಂದು ಹಳ್ಳ ನೋಡಿ ಇಡೀ ಲೋಕದ ಮಾತು ಹೇಳೋಕಾಗಲ್ಲ. ಆದರೆ ಬೇರೆ ಕಡೆ ಕಾಣ್ತಿರೋದೇ ಇಲ್ಲೂ ಕಾಣ್ತಿದೆ. ಮಳೆ ದೊಡ್ಡದಾದ ಮಾತ್ರಕ್ಕೆ ಹೊಳೆ ದೊಡ್ಡದಾಗಲ್ಲ, ನೆಲ ಮೊದಲೇ ನೆಂದಿದ್ರೆ ಮಾತ್ರ ಆಗ್ತದೆ ಅನ್ನೋದು ನಾವು ಪುಸ್ತಕದಲ್ಲಿ ಓದೋದು. ನೀವು ಅದನ್ನ ನಿಮ್ಮ ಅಕ್ಕನ ಹತ್ರ ಕೆರೆಗಳ ವಿಷಯ ಕೇಳಿ ಅಂಚಿನಲ್ಲಿ ಬರೆದಿಟ್ಟಿದೀರಿ."

ಎತ್ತಪ್ಪ ಮೂಲೆಯಲ್ಲಿ ಕುಂತು ಉಣ್ಣೆ ಬಿಡಿಸುತ್ತಿದ್ದವನು ಕೈ ನಿಲ್ಲಿಸಿ ಕೇಳುತ್ತಿದ್ದ.

ಹೋಗುವಾಗ ಸುಮಿತ್ರಾ ಒಂದು ಸುದ್ದಿ ಹೇಳಿದಳು. ಸೇತುವೆಯ ನಕ್ಷೆಯಲ್ಲಿ ಹಿರೇಹಳ್ಳದ ಅತಿ ಹೆಚ್ಚಿನ ನೀರು ಮೂರು ಮೀಟರ್ ಇಪ್ಪತ್ತು ಎಂದಿತ್ತು. ಅದು ಹಳೆಯ ಕಾಲದ ಅಂಕಿ. ಓಬವ್ವ ಕಳಿಸಿದ ಐದು ಎಂಬತ್ತರ ಮುಂದೆ ಯಾರೋ ಪೆನ್ಸಿಲ್ಲಿನಲ್ಲಿ 'ಅಂದಾಜು' ಎಂದು ಬರೆದು ಪಕ್ಕಕ್ಕಿಟ್ಟಿದ್ದರು. ಮುಂದಿನ ವಾರ ಚಿತ್ರದುರ್ಗದಲ್ಲಿ ಸಭೆಯಿದೆ, ಊರಿನವರೂ ಹೋಗಿ ಮಾತಾಡಬಹುದು.

ಅಂದಾಜು ಎಂಬ ಮಾತು ಓಬವ್ವನಿಗೆ ಮುಳ್ಳಿನಂತೆ ಚುಚ್ಚಿತು. ಸೊನ್ನೆಯೆಂದು ಇಪ್ಪತ್ತು ವರ್ಷ ನಕ್ಕಿದ್ದು ಅವಳನ್ನು ಇಷ್ಟು ನೋಯಿಸಿರಲಿಲ್ಲ.

ಸಭೆಯ ದಿನ ಬೆಳಗಿನ ಸೊನ್ನೆ ಬರೆದು, ಗಂಡನ ಜೊತೆ ಬಸ್ಸು ಹತ್ತಿ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋದಳು. ಸಭೆಯ ಹಾಲಿನಲ್ಲಿ ಉದ್ದನೆಯ ಮೇಜು, ಮೈಕು, ನೀರಿನ ಬಾಟಲಿಗಳು. ಸೇತುವೆಯ ಹೊಣೆ ಹೊತ್ತ ಎಂಜಿನಿಯರ್ ಶ್ರೀನಿವಾಸ್ ಎಂಬುವವರು. ಮೆಲುದನಿ, ದಪ್ಪ ಕನ್ನಡಕ. ಓಬವ್ವನ ಸರದಿ ಬಂದಾಗ ಅವರು ಕೇಳಿದರು.

"ಅಮ್ಮ, ತಪ್ಪು ತಿಳ್ಕೋಬೇಡಿ. ಗೇಜು ಇದ್ದಿದ್ದೇ ನಾಲ್ಕು ಮೀಟರ್. ಅದೂ ಕೊಚ್ಚಿ ಹೋಗಿದೆ. ಮೇಲಿನ ಒಂದು ಎಂಬತ್ತನ್ನ ನೀವು ಹೇಗೆ ಅಳೆದ್ರಿ? ಪ್ರವಾಹ ನೋಡಿದವರಿಗೆ ಭಯದಲ್ಲಿ ನೀರು ಇದ್ದದ್ದಕ್ಕಿಂತ ಎತ್ತರ ಕಾಣ್ತದೆ. ಅದು ಮನುಷ್ಯ ಸಹಜ."

ಹಾಲಿನಲ್ಲಿ ನೂರು ಜನವಿದ್ದರು. ಓಬವ್ವ ಎದ್ದು ನಿಂತಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಸಾರ್, ಭಯ ಆಗಿತ್ತು. ಸುಳ್ಳ್ಯಾಕೆ ಹೇಳ್ಲಿ. ಅದಕ್ಕೇ ಕಣ್ಣು ನಂಬಲಿಲ್ಲ, ಕಲ್ಲಿನ ಮೇಲೆ ಕೊರೆದೆ. ಎರಡು ಗಂಟೆಯಿಂದ ಐದು ಗಂಟೆವರೆಗೆ ಅರ್ಧರ್ಧ ಗಂಟೆಗೆ ಒಂದೊಂದು ಗೆರೆ. ನಾಲ್ಕಕ್ಕೂ ನಾಲ್ಕೂವರೆಗೂ ನೀರು ಒಂದೇ ಕಡೆ ನಿಂತಿತ್ತು, ಅದಕ್ಕೆ ಅಲ್ಲಿ ಗೆರೆ ಒಂದೇ. ಕಲ್ಲು ಇನ್ನೂ ಅಲ್ಲೇ ಅವೆ. ಗೇಜಿನ ಬುಡನೂ ಐತೆ. ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಮಿಷನ್ನು ತಗಂಡು ಬಂದು ನೋಡ್ರಿ. ಅಂದಾಜು ಅಂತ ಮಾತ್ರ ಬರೀಬ್ಯಾಡ್ರಿ. ನಾನು ಒಂದು ದಿನನೂ ಅಂದಾಜು ಬರೆದೋಳಲ್ಲ."

ಶ್ರೀನಿವಾಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸೋಮವಾರ ಬರ್ತೀನಿ," ಎಂದರು.

ಬಂದರು. ಮೂರು ಕಾಲಿನ ಉಪಕರಣ ನಿಲ್ಲಿಸಿ, ಸಿಮೆಂಟಿನ ಬುಡದಿಂದ ಶುರುಮಾಡಿ ಒಂದೊಂದೇ ಗೆರೆಗೆ ಹಿಡಿದು ಅಳೆದರು. ಕೊರೆದ ಗೆರೆಗಳಲ್ಲಿ ಪಾಚಿ ಕಟ್ಟಿತ್ತು. ಓಬವ್ವ ತೆಂಗಿನ ಗುಂಜಿನಿಂದ ಉಜ್ಜಿ ತೋರಿಸಿದಳು. ಇಡೀ ಹಟ್ಟಿ ಮೆಟ್ಟಿಲ ಮೇಲೆ ಸೇರಿತ್ತು. ಚಿಕ್ಕತಿಮ್ಮಪ್ಪ ಹೊಸ ಅಂಗಡಿ ಮುಚ್ಚಿ ಬಂದು, ಯಾರೂ ಉಪಕರಣಕ್ಕೆ ಅಡ್ಡ ಬರದಂತೆ ಎಲ್ಲರನ್ನೂ ಗದರಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಶ್ರೀನಿವಾಸ್ ಲೆಕ್ಕ ಹಾಕಿ ತಲೆ ಎತ್ತಿದರು. "ನಾಲ್ಕು ಗಂಟೆಯ ಗೆರೆ ಐದು ಮೀಟರ್ ಎಪ್ಪತ್ತಾರು."

ಹಟ್ಟಿಯವರು ಹೋ ಎಂದು ಕೂಗಿದರು. ಯಾರೋ ಶಿಳ್ಳೆ ಹಾಕಿದರು. ಓಬವ್ವನ ಮುಖ ಮಾತ್ರ ಬಾಡಿತು.

"ಎಪ್ಪತ್ತಾರಾ? ನಾನು ಎಂಬತ್ತು ಬರೆದಿದ್ದೆ. ನಾಲ್ಕು ಸೆಂಟಿಮೀಟರ್ ಎಲ್ಲಿ ಹೋಯ್ತು ಸಾರ್?"

ಶ್ರೀನಿವಾಸ್ ನಗು ತಡೆಯಲಾರದೆ ನಕ್ಕರು. "ಅಮ್ಮ, ಹೊಲಿಗೆ ಟೇಪಿನಲ್ಲಿ ಹತ್ತೊಂಬತ್ತು ಮೆಟ್ಟಿಲು ಅಳೆದು ಕೂಡಿಸಿದೀರಿ. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಅಂದ್ರೆ ಏನೂ ಇಲ್ಲ. ನಮ್ಮ ಹುಡುಗರು ಮಿಷನ್ ಇಟ್ಕೊಂಡು ಇದಕ್ಕಿಂತ ಹೆಚ್ಚು ತಪ್ಪು ಮಾಡ್ತಾರೆ."

"ಆದ್ರೂ ತಪ್ಪು ತಪ್ಪೇ," ಎಂದು ಓಬವ್ವ ಅಲ್ಲೇ ನೋಟುಬುಕ್ಕು ತೆರೆದು, ಎಂಬತ್ತರ ಪಕ್ಕದಲ್ಲಿ ಎಪ್ಪತ್ತಾರು ಎಂದು ಬರೆದು, ತಿದ್ದಿದ ದಿನಾಂಕ ಹಾಕಿ ಸಹಿ ಮಾಡಿದಳು. ಶ್ರೀನಿವಾಸ್ ನಗುವುದನ್ನು ನಿಲ್ಲಿಸಿ ಅವಳು ಬರೆಯುವುದನ್ನೇ ನೋಡಿದರು. ಆಮೇಲೆ, ಆ ಪುಟದ ಒಂದು ಫೋಟೋ ತೆಗೆದುಕೊಳ್ಳಬಹುದೇ ಎಂದು ಕೇಳಿದರು.

ನಕ್ಷೆ ಬದಲಾಯಿತು. ನೀರು ಹಾಯಲು ಮೂರು ಕಣ್ಣಿದ್ದ ಸೇತುವೆ ಐದು ಕಣ್ಣಿನದಾಯಿತು, ಎತ್ತರ ಮೂರು ಮೀಟರ್ ಹೆಚ್ಚಿತು. ಹಟ್ಟಿಯ ಕೆಲವರಿಗೆ ಅದು ಅತಿಯಾಯಿತು ಅನಿಸಿತು. ಮರಳಿನ ಮೇಲೆ ಇಷ್ಟು ದೊಡ್ಡ ಸೇತುವೆ ಯಾಕೆ ಎಂದು ಹೊರಗಿನವರು ಕೇಳುತ್ತಿದ್ದರು. ಕೇಳಿದವರಿಗೆ ಉತ್ತರ ಹೇಳುವ ಕೆಲಸವನ್ನು ಎತ್ತಪ್ಪ ತಾನೇ ವಹಿಸಿಕೊಂಡ. ಮಾಡದಕೆರೆಯ ಸಂತೆಯಲ್ಲಿ, ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಕುರಿ ಕೊಳ್ಳಲು ಬಂದವರ ಹತ್ತಿರ, ಎಲ್ಲಿ ಅವಕಾಶ ಸಿಕ್ಕರೂ ಶುರುಮಾಡುತ್ತಿದ್ದ. "ನಮ್ಮ ಮನೆಯವಳು ಅಳೆದ ನೀರಿಗೆ ಸರಿಯಾಗಿ ಕಟ್ಟಿರೋ ಸೇತುವೆ ಅದು. ಬರ್ರಿ, ಕುಂತ್ಕಳ್ರಿ, ಪೂರ್ತಿ ಹೇಳ್ತೀನಿ." ಅವನ ಕಥೆಯಲ್ಲಿ ಕಂಬಳಿಯ ಮಾತು ಬರುತ್ತಲೇ ಇರಲಿಲ್ಲ. ಅದನ್ನು ಓಬವ್ವ ಹೇಳುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೈದರಲ್ಲಿ, ಸೇತುವೆ ಮುಗಿದು ಆರು ತಿಂಗಳಾದ ಮೇಲೆ, ಒಂದು ವಾರ ಬಿಟ್ಟು ಬಿಟ್ಟು ಮಳೆಯಾಯಿತು. ಸಿದ್ದಕ್ಕನ ಫೋನು ಬಂತು. ಮತ್ತೆ ಮೂರೂ ಕೆರೆ ಕೋಡಿ. ಈ ಸಲ ಓಬವ್ವ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಅವಳು ಮನೆಯಿಂದ ಹೊರಡುವ ಮೊದಲೇ ಚಿಕ್ಕತಿಮ್ಮಪ್ಪ ಹಟ್ಟಿಯ ಗುಡಿಯ ಮೈಕಿನಲ್ಲಿ ಕೂಗಿದ್ದ. "ಹಳ್ಳದಾಗೆ ಯಾರೂ ಇಳೀಬ್ಯಾಡ್ರಿ, ಕುರಿ ಮೇಲಕ್ಕೆ ಹೊಡೀರಿ, ಓಬವ್ವಕ್ಕ ಹೇಳೈತೆ!" ಓಬವ್ವ ಇನ್ನೂ ಏನೂ ಹೇಳಿರಲಿಲ್ಲ. ಆದರೂ ಮೊದಲ ಬಾರಿಗೆ ಅವನ ಮಾತಿಗೆ ಅವಳಿಗೆ ನಗು ಬಂತು.

ಮಧ್ಯಾಹ್ನ ಮೂರಕ್ಕೆ ಹಿರೇಹಳ್ಳ ಐದು ಮೀಟರ್ ಹದಿನೆಂಟಕ್ಕೆ ಬಂತು. ಸೇತುವೆಯ ನಡುಗಂಬಕ್ಕೆ ಎಂಟು ಮೀಟರಿನ ಹೊಸ ಗೇಜು ಬರೆದಿದ್ದರು. ಅದಿನ್ನೂ ಮೂರರಲ್ಲಿ ಎರಡು ಪಾಲು ಮುಳುಗಿತ್ತು ಅಷ್ಟೇ. ಕಂಬಗಳ ನಡುವೆ ನೀರು ಗುಡುಗುತ್ತ ಹಾದುಹೋಗುತ್ತಿತ್ತು. ಸೇತುವೆಯ ಮೇಲೆ ನಿಂತರೆ ಅಂಗಾಲಿಗೆ ನಡುಕ ತಿಳಿಯುತ್ತಿತ್ತು, ಆದರೆ ಒಂದು ಕಲ್ಲು ಅಲುಗಲಿಲ್ಲ. ಆ ನೀರಿನ ಮೇಲೆ ಹೊಸದುರ್ಗದ ಬಸ್ಸು ಶಾಲೆಯ ಮಕ್ಕಳನ್ನು ತುಂಬಿಕೊಂಡು ದೀಪ ಹಾಕಿಕೊಂಡು ನಿಧಾನಕ್ಕೆ ಬಂತು. ಮಕ್ಕಳು ಕಿಟಕಿಗಳಿಗೆ ಮುಖ ಒತ್ತಿ ಕೆಳಗಿನ ಕಾಫಿ ಬಣ್ಣದ ನೀರನ್ನು ನೋಡುತ್ತಿದ್ದರು. ಲತಾಳ ಮಗಳು ಅಂಜಲಿ ಹಿಂದಿನ ಸೀಟಿನಲ್ಲಿದ್ದಳು. ಅಜ್ಜಿಯನ್ನು ಕಂಡು ಕಿಟಕಿ ಬಡಿದು ಕೈಬೀಸಿದಳು.

ಓಬವ್ವನಿಗೆ ಎದೆ ತುಂಬಿ ಬಂತು. ಈ ಮಕ್ಕಳ ಕಾಲ ಕೆಳಗಿನ ಕಾಂಕ್ರೀಟು ಇಷ್ಟು ಎತ್ತರದಲ್ಲಿ ಇರುವುದಕ್ಕೆ ತಾನು ಕಾರಣ ಎಂದು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಆದರೆ ತನಗೆ ತಾನು ಹೇಳಿಕೊಂಡಳು, ಅದೂ ಆವತ್ತು ಒಂದೇ ಸಲ. ನೆಟ್ಟಗೆ ನಿಂತು ಮೊಮ್ಮಗಳಿಗೆ ಕೈಯೆತ್ತಿದಳು. ಬಸ್ಸು ಹಟ್ಟಿಯ ದಡ ಸೇರಿತು. ಮೂರೂವರೆ ಆಗಲು ಎರಡು ನಿಮಿಷವಿತ್ತು. ಎತ್ತಪ್ಪ ಕೊಡೆ ಬಿಚ್ಚಿಕೊಂಡು ಪಕ್ಕಕ್ಕೆ ಬಂದ. ಓಬವ್ವ ಸೇತುವೆಯ ಕಟಾಂಜನಕ್ಕೆ ಬಾಗಿ ಗೇಜಿನ ಗೆರೆಗಳನ್ನು ಎಣಿಸತೊಡಗಿದಳು.